ಕೈ ಎತ್ತಿದರೆ ನಿಲ್ಲಿಸುತ್ತೇವೆ

ಬೆಳಿಗ್ಗೆ ಮಾಲ್ ತೆರೆಯುವ ಮೊದಲು ಆಪರೇಟರ್ ಒಮ್ಮೆ ತಾನೇ ಕೂತು ಯಂತ್ರ ಓಡಿಸಿ ನೋಡಬೇಕು ಎಂಬುದು ನಮ್ಮ ಫನ್ ಝೋನಿನ ನಿಯಮ. ಹನ್ನೆರಡು ಸೀಟಿನ ಮುಚ್ಚಿದ ಡಬ್ಬ ಅದು. ಎದುರಿಗೆ ಗೋಡೆಯಷ್ಟು ದೊಡ್ಡ ಪರದೆ. ಪರದೆಯಲ್ಲಿ ಹಳಿ ಪಾತಾಳಕ್ಕೆ ಇಳಿದರೆ ಸೀಟು ಮುಂದಕ್ಕೆ ಬಾಗುತ್ತದೆ, ಹಳಿ ತಿರುಗಿದರೆ ಸೀಟು ಓರೆಯಾಗುತ್ತದೆ, ಮುಖಕ್ಕೆ ಗಾಳಿ ಬಡಿಯುತ್ತದೆ. ನಾಲ್ಕು ನಿಮಿಷದ ಆಟ. ಇಷ್ಟೆಲ್ಲ ಆದರೂ ಡಬ್ಬ ಇದ್ದ ಜಾಗದಿಂದ ಒಂದು ಗೇಣೂ ಮುಂದೆ ಹೋಗಿರುವುದಿಲ್ಲ. ಮುಂದೆ ಹೋಗದ ಗಾಡಿಯಲ್ಲಿ ನನಗೆ ಯಾಕೆ ಹೊಟ್ಟೆ ತೊಳಸಬೇಕು ಎಂದು ಎಷ್ಟು ಯೋಚಿಸಿದರೂ ಹೊಟ್ಟೆಗೆ ಅದು ಅರ್ಥವಾಗುತ್ತಿರಲಿಲ್ಲ.

"ಶೆಟ್ರ, ಚಾಲೂ ಮಾಡ್ಲೇನ್ರಿ?" ಎಂದು ಹೊರಗಿನಿಂದ ಮಾಪಣ್ಣ ಕೇಳುತ್ತಿದ್ದ. ಮಾಪಣ್ಣ ಅಲ್ಲಿ ನೆಲ ಒರೆಸುವವನು. ಕಲಬುರಗಿ ಕಡೆಯವನು, ಈಗ ಇರುವುದು ನವಿ ಮುಂಬೈಯ ತುರ್ಭೆಯಲ್ಲಿ. ನಾನು ಶೆಟ್ಟಿ ಅಲ್ಲ, ಹೆಸರು ಜಯಶೀಲ ಎಂದು ಮೊದಲ ವಾರವೇ ಹೇಳಿದ್ದೆ. "ಹೋಟೆಲ್‌ನಾಗ ಇದ್ರಿ ಅಂದಮ್ಯಾಲ ಶೆಟ್ರೇ ಬಿಡ್ರಿ" ಎಂದು ತೀರ್ಮಾನ ಕೊಟ್ಟಿದ್ದ.

ನಾನು ಬೆಲ್ಟ್ ಬಿಗಿದುಕೊಂಡು, ಕಿಸೆಯಲ್ಲಿ ಪ್ಲಾಸ್ಟಿಕ್ ಚೀಲ ಇದೆಯೇ ಎಂದು ಮುಟ್ಟಿ ನೋಡಿಕೊಂಡು, "ಹೂಂ, ಒತ್ತು ಮಾರಾಯ" ಎನ್ನುತ್ತಿದ್ದೆ.

ನಾಲ್ಕು ನಿಮಿಷ ಮುಗಿದ ಮೇಲೆ ಡಬ್ಬದ ಹಿಂದಿನ ಸಂದಿಯಲ್ಲಿ ಮೊಣಕಾಲಿಗೆ ಹಣೆ ಕೊಟ್ಟು ಕೂರುತ್ತಿದ್ದೆ. ಮಾಪಣ್ಣ ಬಂದು ನನ್ನ ಕೈಯಿಂದ ಆ ಚೀಲ ತೆಗೆದುಕೊಂಡು ಹೋಗಿ ಎಸೆದು, ಒಂದು ಗ್ಲಾಸು ನೀರು ತಂದಿಡುತ್ತಿದ್ದ. ಯಾರಿಗೂ ಹೇಳಬೇಡ ಎಂದು ನಾನು ಒಮ್ಮೆಯೂ ಹೇಳಲಿಲ್ಲ. ಅವನು ಹೇಳಲೂ ಇಲ್ಲ.

ಕೆಲಸ ಬಿಡುವ ಹಾಗಿರಲಿಲ್ಲ. ಹದಿನಾಲ್ಕನೇ ವಯಸ್ಸಿಗೆ ಊರಿನಿಂದ ಬಂದು ಠಾಣೆ ಸ್ಟೇಷನ್ ಹತ್ತಿರದ ಹೋಟೆಲೊಂದಕ್ಕೆ ಸೇರಿದವನು ನಾನು. ಹಗಲು ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಹತ್ತನೇ ಕ್ಲಾಸು ಮುಗಿಸಿದೆ. ಆಮೇಲೆ ಸಪ್ಲಾಯರ್, ಆಮೇಲೆ ಸಪ್ಲಾಯರ್‌ಗಳ ಮೇಲಿನ ಕ್ಯಾಪ್ಟನ್. ಒಟ್ಟು ಇಪ್ಪತ್ತೊಂಬತ್ತು ವರ್ಷ ನಿಂತೇ ಇದ್ದೆ. ಎರಡು ಸಾವಿರದ ಹದಿಮೂರರಲ್ಲಿ ಹೋಟೆಲ್ ಮುಚ್ಚಿ ಅಲ್ಲಿ ಮೊಬೈಲ್ ಅಂಗಡಿ ಬರುವ ಹೊತ್ತಿಗೆ ನನ್ನ ಎರಡೂ ಕಾಲಿನ ನರಗಳು ಹಗ್ಗದಂತೆ ಗಂಟುಗಂಟಾಗಿ ಉಬ್ಬಿದ್ದವು. "ಇನ್ನು ನಿಂತು ಮಾಡುವ ಕೆಲಸ ಬೇಡ. ಗಾಯ ಆದರೆ ಮಾಯುವುದಿಲ್ಲ" ಎಂದು ನಾವಿರುವ ಡೊಂಬಿವಲಿಯ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಹೋಟೆಲ್ ಕೆಲಸ ಬಿಟ್ಟು ಬೇರೇನೂ ಗೊತ್ತಿಲ್ಲದವನಿಗೆ ಕೂತು ಮಾಡುವ ಕೆಲಸ ಯಾರು ಕೊಡುತ್ತಾರೆ? ಒಂದೂವರೆ ವರ್ಷ ಅಲೆದೆ. ಕೊನೆಗೆ ಹಳೆಯ ಗಿರಾಕಿಯೊಬ್ಬರ ಮಾತಿನಿಂದ ನವಿ ಮುಂಬೈಯ ಈ ಮಾಲ್‌ನಲ್ಲಿ ಆಪರೇಟರ್ ಖುರ್ಚಿ ಸಿಕ್ಕಿತು. ಮೂರು ತಿಂಗಳು ತಾತ್ಪೂರ್ತಿಕ. ಅದು ಮುಗಿಯುವಾಗ ಯಂತ್ರದ ಕಂಪೆನಿಯ ಎಂಜಿನಿಯರ್ ಪುಣೆಯಿಂದ ಬಂದು ಪರೀಕ್ಷೆ ಮಾಡುತ್ತಾನೆ: ಒಂದರ ಹಿಂದೆ ಒಂದು ಮೂರು ಆಟ ನಿಲ್ಲಿಸದೆ ಕೂರಬೇಕು, ಕೂಡಲೇ ಎದ್ದು ಹನ್ನೆರಡು ಬೆಲ್ಟ್ ಬಿಚ್ಚಿ ತುರ್ತು ಬಾಗಿಲು ತೆರೆಯಬೇಕು. ಪಾಸಾದರೆ ಕಾಯಂ. ಇಲ್ಲವಾದರೆ ಮರುದಿನದಿಂದ ಬರುವುದು ಬೇಡ.

ನನ್ನ ಹೆಂಡತಿ ಜಯಲತಾ ಇದನ್ನೆಲ್ಲ ಕೇಳಿ, "ಶುಂಠಿ ಅಗಿಯಿರಿ ಮಾರಾಯ್ರೆ, ಅಷ್ಟಕ್ಕೆಲ್ಲ ಹೆದರಿಕೊಂಡರೆ ಆಗ್ತದಾ?" ಎಂದಳು. ಶುಂಠಿ ಅಗಿದೆ. ಲಿಂಬೆಹಣ್ಣು ಮೂಸಿದೆ. ಹಸಿದ ಹೊಟ್ಟೆಯಲ್ಲಿ ಕೂತೆ, ಒಣ ಅವಲಕ್ಕಿ ತಿಂದು ಕೂತೆ. ಲೋಕಲ್ ಟ್ರೈನಿನಲ್ಲಿ ಅಭ್ಯಾಸವಾಗಲಿ ಎಂದು ಡೊಂಬಿವಲಿಯಿಂದ ಠಾಣೆಯವರೆಗೆ ಗಾಡಿ ಹೋಗುವ ದಿಕ್ಕಿಗೆ ಬೆನ್ನು ಕೊಟ್ಟು ನಿಂತೆ. ಮುಂಬ್ರಾದ ಗುಡ್ಡ ದಾಟುವಷ್ಟರಲ್ಲಿ ಕಣ್ಣು ಕತ್ತಲೆ ಬಂತು. ಮಾಪಣ್ಣ ಒಂದು ದಿನ ಸೀಟಿನ ಮೇಲೆ ವರ್ತಮಾನ ಪತ್ರಿಕೆ ಹಾಸಿ, "ಇದರ ಮ್ಯಾಲ ಕುಂದ್ರಿ. ನಮ್ಮ ಮಂದಿ ಬಸ್ಸಿನಾಗ ಹಿಂಗ ಮಾಡ್ತಾರ" ಎಂದ. ಕೂತೆ. ಅವತ್ತೂ ಚೀಲ ಬೇಕಾಯಿತು.

"ಮರಾಠಿ ಪೇಪರ್ ಇತ್ರಿ. ನಿಮ್ಮ ಹೊಟ್ಟಿಗಿ ಮರಾಠಿ ಓದಾಕ ಬರಂಗಿಲ್ಲ ಕಾಣಸ್ತೈತಿ" ಎಂದು ಮಾಪಣ್ಣ ಚೀಲಕ್ಕೆ ಗಂಟು ಹಾಕುತ್ತ ಹೇಳಿದ. ಆ ಸಂಕಟದಲ್ಲೂ ನಗು ಬಂತು.

ಎರಡು ತಿಂಗಳು ಹೀಗೆ ಹೋಯಿತು. ಆಮೇಲೆ ಮೆಡಿಕಲ್ ಅಂಗಡಿಯಲ್ಲಿ ಪ್ರಯಾಣದ ವಾಂತಿಗೆ ಗುಳಿಗೆ ಕೇಳಿದೆ. "ಒಂದು ಸಾಕು. ನಿದ್ದೆ ಬರುತ್ತದೆ, ಗಾಡಿ ಓಡಿಸಬೇಡಿ" ಎಂದು ಅಂಗಡಿಯವನು ಹೇಳಿದ. ನಾನು ಓಡಿಸುವ ಗಾಡಿ ಎಲ್ಲಿಗೂ ಹೋಗುವುದಿಲ್ಲವಲ್ಲ ಎಂದುಕೊಂಡೆ. ಒಂದರಿಂದ ಅರ್ಧ ಗುಣ ಕಂಡಿತು. ಎರಡು ನುಂಗಿದ ದಿನ ಚೀಲ ಕಿಸೆಯಲ್ಲೇ ಮಡಚಿದ ಹಾಗೆ ಉಳಿಯಿತು. ಯಂತ್ರದಿಂದ ಇಳಿದವನು ದೇವರೇ ಎಂದು ಗೋಡೆ ಹಿಡಿದು ನಿಂತೆ. ಮಾಪಣ್ಣ ನೀರಿನ ಗ್ಲಾಸು ಹಿಡಿದುಕೊಂಡು ಬಂದು, ಕುಡಿಯುವವರಿಲ್ಲದೆ ತಾನೇ ಕುಡಿದ.

ಅಂದಿನಿಂದ ದಿನಾ ಎರಡು.

ಆಪರೇಟರ್ ಕೂರುವುದು ಡಬ್ಬದ ಹೊರಗೆ, ಗಾಜಿನ ಒಂದು ಗೂಡಿನಲ್ಲಿ. ಎದುರಿಗೆ ಚಿಕ್ಕ ಟಿವಿ. ಅದರಲ್ಲಿ ಡಬ್ಬದ ಒಳಗಿನ ಹನ್ನೆರಡು ಮುಖಗಳು ಬೂದಿ ಬಣ್ಣದಲ್ಲಿ ಕಾಣುತ್ತವೆ. ಪಕ್ಕದಲ್ಲಿ ಒಂದು ಮೈಕು, ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ. ಪ್ರತಿ ಆಟಕ್ಕೂ ಮೊದಲು ನಾನು ಮೈಕಿನಲ್ಲಿ ಹಿಂದಿಯಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಹೇಳಬೇಕು: ಬೆಲ್ಟ್ ಬಿಚ್ಚಬೇಡಿ, ತಲೆ ಹಿಂದಕ್ಕೆ ಒರಗಿಸಿ, ಯಾರಿಗಾದರೂ ತೊಂದರೆಯಾದರೆ ಕೈ ಎತ್ತಿ, ಕೈ ಎತ್ತಿದರೆ ನಿಲ್ಲಿಸುತ್ತೇವೆ.

ಎತ್ತಿದ ಕೈ ನೋಡುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಅದೇ ಕೆಲಸ ಮಾಡಿದವನಲ್ಲವೇ? ನಲವತ್ತು ಟೇಬಲ್‌ಗಳ ಗದ್ದಲದಲ್ಲಿ, ಎರಡೂ ಕೈಯಲ್ಲಿ ತಟ್ಟೆ ಇರುವಾಗ, ಬೆನ್ನ ಹಿಂದೆ ಕೈ ಎತ್ತಿದರೂ ತಿಳಿಯುತ್ತಿತ್ತು. ಕೂಡಲೇ "ಆಯಾ ಸಾಬ್, ದೋ ಮಿನಿಟ್" ಎಂದು ಕೂಗುತ್ತಿದ್ದೆ. ಬಂದೆ, ಎರಡೇ ನಿಮಿಷ ಎಂದು ಕೂಗಿದರೆ ನಿಜಕ್ಕೂ ಬರುತ್ತೇನೆ ಎಂದಲ್ಲ, ನಿಮ್ಮನ್ನು ನೋಡಿದ್ದೇನೆ ಎಂದಷ್ಟೇ. ಅಷ್ಟಕ್ಕೆ ಗಿರಾಕಿಯ ಕೈ ಇಳಿಯುತ್ತದೆ. ಹೋಟೆಲಿನವರಿಗೆಲ್ಲ ಗೊತ್ತಿರುವ ಉಪಾಯ ಇದು.

ಗುಳಿಗೆ ನುಂಗತೊಡಗಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ಆ ಬೂದಿ ಬಣ್ಣದ ಮುಖಗಳು ಒಂದರೊಳಗೊಂದು ಸೇರಿಹೋಗುತ್ತಿದ್ದವು. ತೊಡೆ ಚಿವುಟಿಕೊಳ್ಳುತ್ತಿದ್ದೆ. ಕಣ್ಣಿಗೆ ನೀರು ಹಾಕಿಕೊಳ್ಳುತ್ತಿದ್ದೆ. ನಮ್ಮ ಸೂಪರ್‌ವೈಸರ್ ರಂಜನ್, ಇಲ್ಲಿಯೇ ಹುಟ್ಟಿ ಬೆಳೆದ ನಮ್ಮೂರ ಕಡೆಯ ಹುಡುಗ, ಒಂದು ದಿನ ನನ್ನ ಮುಖ ನೋಡಿ, "ಕ್ಯಾ ಅಂಕಲ್, ರಾತ್ರಿಯೆಲ್ಲ ಸೀರಿಯಲ್ ನೋಡಿದ್ರಾ?" ಎಂದು ನಕ್ಕ. "ಹೌದಪ್ಪ" ಎಂದೆ. ಪರೀಕ್ಷೆಗೆ ಇನ್ನು ಹತ್ತೇ ದಿನ. ಅಷ್ಟು ದಿನ ದಾಟಿದರೆ ಆಯಿತು ಎಂದು ಎಣಿಸುತ್ತಿದ್ದೆ. ದಾಟಿದ ಮೇಲೂ ದಿನಾ ಬೆಳಿಗ್ಗೆ ಆ ಡಬ್ಬದಲ್ಲಿ ಕೂರಲೇಬೇಕು ಎನ್ನುವುದು ತಲೆಗೆ ಬರುತ್ತಿತ್ತು. ಬಂದದ್ದನ್ನು ಆಚೆ ತಳ್ಳುತ್ತಿದ್ದೆ.

ಆಗಲೇ ದಿಶಾ ಅದನ್ನು ಕೇಳಿದ್ದು.

ದಿಶಾ ನನ್ನ ಮಗಳು, ಎಂಟನೇ ಕ್ಲಾಸು. ಹೊಟ್ಟೆ ನನ್ನದೇ ಬಂದಿದೆ ಅವಳಿಗೆ. ಹಿಂದಿನ ವರ್ಷ ಶಾಲೆಯ ಪಿಕ್ನಿಕ್ಕಿಗೆ ಹೋಗುವಾಗ ಬಸ್ಸಿನಲ್ಲಿ ವಾಂತಿ ಮಾಡಿಕೊಂಡಳು. ಅಂದಿನಿಂದ ಕ್ಲಾಸಿನಲ್ಲಿ ಅವಳ ಹೆಸರು 'ಉಲ್ಟಿ', ಹಿಂದಿಯಲ್ಲಿ ವಾಂತಿ ಎಂದರ್ಥ. ವರ್ಷವಾದರೂ ಆ ಹೆಸರು ಬಿಟ್ಟಿರಲಿಲ್ಲ.

"ಪಪ್ಪಾ, ಭಾನುವಾರ ಅನುಷ್ಕಾಳ ಬರ್ತ್‌ಡೇ. ಅವಳ ಮಮ್ಮಿ ನಮ್ಮನ್ನೆಲ್ಲ ನಿಮ್ಮ ಮಾಲಿಗೇ ಕರ್ಕೊಂಡು ಬರ್ತಾರಂತೆ" ಎಂದಳು. ಊಟದ ತಟ್ಟೆಯಲ್ಲಿ ಬೆರಳು ಆಡಿಸುತ್ತಿದ್ದಳು, ತಿನ್ನುತ್ತಿರಲಿಲ್ಲ.

"ಬಾ. ಬೇರೆ ಆಟ ಬೇಕಾದಷ್ಟಿದೆ. ನಮ್ಮ ಗಾಡಿ ಮಾತ್ರ ಬೇಡ."

"ಎಲ್ಲರೂ ಅದಕ್ಕೇ ಬರೋದು. ನಾನು ಕೂರಲ್ಲ ಅಂದ್ರೆ ಮತ್ತೆ ಅದೇ ಚಾಲೂ. ಉಲ್ಟಿ, ಉಲ್ಟಿ." ಆಮೇಲೆ ತಟ್ಟೆಯಿಂದ ತಲೆ ಎತ್ತಿ, "ನಾನು ಕೈ ಎತ್ತಿದ್ರೆ ನಿಲ್ಲಿಸ್ತೀರಲ್ಲ?" ಎಂದಳು.

"ನಿಲ್ಲಿಸದೆ? ನಿನ್ನಪ್ಪನೇ ಕೂತಿರುವುದು."

"ನಿಂತ್ರೆ, ಮಷೀನ್ ಖರಾಬ್ ಆಯ್ತು ಅಂತ ನೀವು ಮೈಕಲ್ಲಿ ಹೇಳ್ಬೇಕು. ನಾನು ಕೈ ಎತ್ತಿದ್ದು ಅಂತ ಹೇಳ್ಬಾರ್ದು. ಪಕ್ಕಾ?"

"ಪಕ್ಕಾ."

ಜಯಲತಾ ಒಲೆಯ ಹತ್ತಿರದಿಂದ, "ಅಪ್ಪ ಮಗಳು ಸೇರಿ ಊರಿಗೆಲ್ಲ ಟೋಪಿ ಹಾಕುವ ಪ್ಲಾನ್ ಆಯ್ತಾ?" ಎಂದಳು. ದಿಶಾ ನಕ್ಕು, ತಟ್ಟೆ ಖಾಲಿ ಮಾಡಿದಳು.

ಭಾನುವಾರ ಜನ ಜಾತ್ರೆಯ ಹಾಗೆ. ಬೆಳಗಿನಿಂದ ಒಂದರ ಮೇಲೊಂದು ಆಟ. ಮೂರೂವರೆಗೆ ಆರು ಹುಡುಗಿಯರು ಬಂದರು. ದಿಶಾ ಹಳದಿ ಟಾಪ್ ಹಾಕಿದ್ದಳು. ಗಾಜಿನಾಚೆಯಿಂದ ನನ್ನ ಕಡೆ ನೋಡಿ, ಯಾರಿಗೂ ಕಾಣದಂತೆ ಸೊಂಟದ ಹತ್ತಿರ ಬಲಗೈ ಸ್ವಲ್ಪ ಎತ್ತಿ ತೋರಿಸಿದಳು. ನಾನು ತಲೆಯಾಡಿಸಿದೆ. ಎರಡನೇ ಸಾಲಿನ ಮೊದಲ ಸೀಟು ಅವಳದು. ಮೈಕಿನಲ್ಲಿ ಎಂದಿನದೆಲ್ಲ ಹೇಳಿದೆ. ಹಸಿರು ಗುಂಡಿ ಒತ್ತಿದೆ.

ಆಮೇಲಿನದು ನನಗೆ ನೆನಪಿರುವುದು ಇಷ್ಟು. ಟಿವಿಯಲ್ಲಿ ಬೂದಿ ಬಣ್ಣದ ಮುಖಗಳು ಅಲುಗುತ್ತಿದ್ದವು. ಗೂಡಿನ ಫ್ಯಾನಿನ ಗಾಳಿ ಕುತ್ತಿಗೆಗೆ ತಾಗುತ್ತಿತ್ತು. ಒಂದು ಕೈ ಮೇಲೆದ್ದಿತು. ಕಂಡಿತು ನನಗೆ, ಸ್ಪಷ್ಟವಾಗಿ ಕಂಡಿತು. ಕಂಡ ಕೂಡಲೇ ಏನು ಮಾಡಬೇಕೋ ಅದನ್ನು ಮಾಡಿದೆ ಎಂಬ ಸಮಾಧಾನವೂ ಆಯಿತು, ಮನಸ್ಸು ಹಗುರವಾಯಿತು.

"ಶೆಟ್ರ! ಏ ಶೆಟ್ರ!" ಮಾಪಣ್ಣ ಗಾಜು ಬಡಿಯುತ್ತಿದ್ದ. ಆಟ ಮುಗಿದಿತ್ತು. ಒಳಗಿನಿಂದ ಯಾರೋ ಚೀರುತ್ತಿದ್ದರು. ನನ್ನ ಕೈ ಕೆಂಪು ಗುಂಡಿಯ ಹತ್ತಿರವೂ ಇರಲಿಲ್ಲ, ತೊಡೆಯ ಮೇಲಿತ್ತು.

ಓಡಿದೆ. ಹಳದಿ ಟಾಪ್ ಪೂರ್ತಿ ಹಾಳಾಗಿತ್ತು. ಪಕ್ಕದಲ್ಲಿದ್ದ ಅನುಷ್ಕಾಳ ಹೊಸ ಫ್ರಾಕಿಗೂ ಸಿಡಿದಿತ್ತು, ಚೀರುತ್ತಿದ್ದದ್ದು ಅವಳೇ. ದಿಶಾ ಚೀರುತ್ತಿರಲಿಲ್ಲ. ಸೀಟಿಗೆ ಒರಗಿ, ಸುಣ್ಣದಂತೆ ಬಿಳಿಚಿಕೊಂಡು, ಕಣ್ಣು ಮುಚ್ಚಿ ಕೂತಿದ್ದಳು. ಬಲಗೈ ಇನ್ನೂ ಮೇಲೆಯೇ ಇತ್ತು.

ನಾನು ಮುಟ್ಟುವ ಮೊದಲೇ ಮಾಪಣ್ಣ ಆ ಕೈ ಹಿಡಿದು ಮೆಲ್ಲಗೆ ಕೆಳಗಿಳಿಸಿದ. "ಇಳಸವ್ವ ಕೈ. ನಿಂತೈತಿ. ಗಾಡಿ ನಿಂತೈತಿ ನನ್ನವ್ವ."

ಹೊರಗೆ ಅನುಷ್ಕಾಳ ತಾಯಿ ರಂಜನ್‌ನನ್ನು ತರಾಟೆಗೆ ತೆಗೆದುಕೊಂಡಿದ್ದರು. ಹುಡುಗಿ ಕೈ ಎತ್ತಿದ್ದಳಂತೆ, ಯಾಕೆ ನಿಲ್ಲಿಸಲಿಲ್ಲ, ಆಪರೇಟರ್ ಏನು ಮಾಡುತ್ತಿದ್ದ? ರಂಜನ್ ನನ್ನ ಕಡೆ ನೋಡಿದ. ಬುಧವಾರ ಪರೀಕ್ಷೆ. ಈಗ ಬಾಯಿ ಬಿಟ್ಟರೆ ಬುಧವಾರದವರೆಗೂ ಹೋಗುವುದು ಬೇಡ.

ರಂಜನ್ ದಿಶಾಳ ಎದುರು ಕುಕ್ಕರಗಾಲಿನಲ್ಲಿ ಕೂತು ಕೇಳಿದ: "ಬೇಟಾ, ನೀನು ಕೈ ಎತ್ತಿದ್ಯಾ?"

ಅವಳು ನನ್ನನ್ನು ನೋಡಿದಳು. ಒಂದು ಗಳಿಗೆ ಅಷ್ಟೇ.

"ಇಲ್ಲ ಭಯ್ಯಾ" ಎಂದಳು. "ಎತ್ತಿಲ್ಲ. ಮೇರೀ ಹೀ ಗಲ್ತೀ, ನಂದೇ ತಪ್ಪು."

"ಝೂಠಿ, ಸುಳ್ಳು!" ಎಂದಳು ಅನುಷ್ಕಾ. "ಎಷ್ಟು ಹೊತ್ತಿಂದ ಎತ್ತಿದ್ಲು ಮಮ್ಮಿ, ಪೂರಾ ಟೈಮ್! ಉಲ್ಟಿ ಕಹೀಂ ಕೀ."

ದಿಶಾ ನೆಲ ನೋಡುತ್ತ ನಿಂತಳು. ರಂಜನ್ ಉಸಿರು ಬಿಟ್ಟು ಎದ್ದು, ರಿಜಿಸ್ಟರಿನಲ್ಲಿ ಬರೆದ: ಆಟದಲ್ಲಿದ್ದ ಹುಡುಗಿ ಸೂಚನೆ ಕೊಡಲಿಲ್ಲ. ಕೆಳಗೆ ನಾನು ಸಹಿ ಮಾಡಿದೆ. ಹೌದು, ಮಾಡಿದೆ.

ಅವಳನ್ನು ಆ ಪಾರ್ಟಿಯವರ ಕಾರಿನಲ್ಲಿ ಕಳಿಸುವ ಹಾಗಿರಲಿಲ್ಲ. ರಂಜನ್ ನನಗೆ ರಜೆ ಕೊಟ್ಟ. ಫನ್ ಝೋನಿನ ಹೆಸರು ಅಚ್ಚಾದ ಒಂದು ಟೀ ಶರ್ಟ್ ಹಾಕಿಸಿ ಕರೆದುಕೊಂಡು ಹೊರಟೆ. ವಾಶಿಯಲ್ಲಿ ಠಾಣೆಯ ಗಾಡಿ ಹತ್ತಿದೆವು. ಕಿಟಕಿಯ ಪಕ್ಕ, ಮುಖಕ್ಕೆ ಗಾಳಿ ಬರುವ ಸೀಟಿನಲ್ಲಿ ಕೂರಿಸಿದೆ. ತುರ್ಭೆ ಹೋಯಿತು, ಘನ್ಸೋಲಿ ಹೋಯಿತು. ರಬಾಳೆ ದಾಟಿದ ಮೇಲೆ ನಾನೇ ಬಾಯಿ ತೆರೆದೆ.

"ಯಾಕೆ ಮಗಾ ಸುಳ್ಳು ಹೇಳಿದ್ದು?"

"ನಿಮ್ಮ ಕೆಲಸ ಹೋಗ್ತದಲ್ಲ."

"ನಾನು... ಕಣ್ಣು ಮುಚ್ಚಿಹೋಗಿತ್ತು. ಗುಳಿಗೆ ತಿಂದಿದ್ದೆ. ನಿನ್ನ ಕೈ..."

"ನೋಡಿದ್ರಿ ನೀವು" ಎಂದಳು, ಕಿಟಕಿಯ ಆಚೆಗೇ ನೋಡುತ್ತ. "ನೋಡಿ ಹೇಳಿದ್ರಿ ಕೂಡ. ಮೈಕ್ ಚಾಲೂನೇ ಇತ್ತು."

"ಏನು ಹೇಳಿದೆ?"

"'ಆಯಾ ಸಾಬ್, ದೋ ಮಿನಿಟ್' ಅಂತ. ಎಲ್ಲರೂ ನಕ್ಕರು. ನಾನು ಅಂದ್ಕೊಂಡೆ ಪಪ್ಪಾ ಬಂದ್ರು, ಈಗ ನಿಲ್ತದೆ. ಅದಕ್ಕೇ ಕೈ ಇಳಿಸಲಿಲ್ಲ. ಇಳಿಸಿದ್ರೆ ನೀವು ಸರಿಯಾಯ್ತು ಅಂದ್ಕೊಂಡು ವಾಪಸ್ ಹೋಗ್ತೀರಾ ಅಂತ."

ಐರೋಳಿ ಬಂತು. ಜನ ಹತ್ತಿದರು. ಅವಳು ನನ್ನ ಭುಜಕ್ಕೆ ತಲೆ ಒರಗಿಸಿ ಕಣ್ಣು ಮುಚ್ಚಿಕೊಂಡಳು. ಸಿಟ್ಟು ಮಾಡಿಕೊಂಡಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಸಿಟ್ಟು ಮಾಡಿಕೊಳ್ಳಲಿಲ್ಲ. ಠಾಣೆಯಲ್ಲಿ ಡೊಂಬಿವಲಿಯ ಗಾಡಿ ಹಿಡಿಯಲು ಸೇತುವೆ ಹತ್ತುವಾಗ, "ಪಪ್ಪಾ, ಕಾಲು ನೋವಾಗ್ತದಾ? ಮೆಲ್ಲಗೆ ಬನ್ನಿ" ಎಂದಳು.

ಸೋಮವಾರ ಅವಳು ಶಾಲೆಗೆ ಹೋಗಲಿಲ್ಲ. ಮಂಗಳವಾರವೂ ಹೋಗಲಿಲ್ಲ. ಜಯಲತಾಳಿಗೆ ಹೇಳಿದೆ, ಎಲ್ಲವನ್ನೂ. "ಬುಧವಾರ ಏನು ಮಾಡ್ತೀರಿ?" ಎಂದಷ್ಟೇ ಕೇಳಿದಳು. ಗೊತ್ತಿಲ್ಲ ಎಂದೆ. ಗುಳಿಗೆಯ ಹಾಳೆ ದೇವರ ಫೋಟೋದ ಹಿಂದೆ ಇಟ್ಟಿದ್ದೆ. ಬುಧವಾರ ಬೆಳಿಗ್ಗೆ ಅದನ್ನು ತೆಗೆದೆ, ಎರಡು ಬಿಡಿಸಿ ಅಂಗೈಯಲ್ಲಿ ಇಟ್ಟುಕೊಂಡೆ. ದಿಶಾ ಚಾಪೆಯ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದಳು. ಆ ಎರಡನ್ನೂ ಬಚ್ಚಲಿಗೆ ಹಾಕಿ ನೀರು ಸುರಿದೆ. ಆದರೂ ಆಸೆ ಬಿಡಲಿಲ್ಲ, ಶುಂಠಿಯ ಚೂರು ಕಿಸೆಗೆ ಹಾಕಿಕೊಂಡೇ ಹೊರಟೆ.

ಎಂಜಿನಿಯರ್ ಇಪ್ಪತ್ತೆಂಟರ ಒಳಗಿನ ಹುಡುಗ, ಮಾತು ಕಡಿಮೆ. ಗಾಜಿನ ಗೂಡಿನಲ್ಲಿ ನನ್ನ ಖುರ್ಚಿಯಲ್ಲಿ ಕೂತ. ರಂಜನ್ ಪಕ್ಕದಲ್ಲಿ ನಿಂತು ನನಗೆ ಹೆಬ್ಬೆರಳು ತೋರಿಸಿದ. ನಾನು ಎರಡನೇ ಸಾಲಿನ ಮೊದಲ ಸೀಟಿನಲ್ಲಿ ಕೂತೆ.

ಮೊದಲ ಆಟ ಹಲ್ಲು ಕಚ್ಚಿ ಕಳೆದೆ. ಎರಡನೆಯದರಲ್ಲಿ ಬೆವರು ಕಿವಿಯ ಹಿಂದಿನಿಂದ ಬೆನ್ನಿಗೆ ಇಳಿಯಿತು. ಬಾಯಿಯಲ್ಲಿ ಉಪ್ಪುನೀರು ತುಂಬುತ್ತಿತ್ತು, ನುಂಗುತ್ತಿದ್ದೆ. ಮೂರನೆಯದು ಶುರುವಾಯಿತು. ಹಳಿ ಮೇಲಕ್ಕೆ ಹೋಯಿತು, ತಲೆಕೆಳಗಾಯಿತು. ಒಮ್ಮೆ ಗಂಟಲಿನವರೆಗೆ ಬಂದದ್ದನ್ನು ಮತ್ತೆ ಒಳಗೆ ತಳ್ಳಿದೆ. ತಳ್ಳಲು ಬರುತ್ತಿತ್ತು ನನಗೆ. ಇನ್ನೊಂದು ನಿಮಿಷ ತಳ್ಳಿದರೆ ಮುಗಿಯುತ್ತಿತ್ತು. ಕಾಯಂ ಆಗುತ್ತಿತ್ತು. ನಾಳೆ ಬೆಳಿಗ್ಗೆ ಮತ್ತೆ ಇದೇ ಸೀಟು. ನಾಡಿದ್ದೂ ಇದೇ. ಬರಿ ಶುಂಠಿಯಿಂದ ಎಷ್ಟು ದಿನ? ವಾರದೊಳಗೆ ಮತ್ತೆ ಆ ಹಾಳೆ ತರುತ್ತೇನೆ, ನನ್ನನ್ನು ನಾನು ಬಲ್ಲೆ. ಮತ್ತೆ ಆ ಗೂಡಿನಲ್ಲಿ ಕೂತು ಹನ್ನೆರಡು ಮನೆಯ ಮಕ್ಕಳಿಗೆ, ಕೈ ಎತ್ತಿದರೆ ನಿಲ್ಲಿಸುತ್ತೇವೆ ಎಂದು ಹೇಳುತ್ತೇನೆ.

ಬಲಗೈ ಎತ್ತಿದೆ.

ಒಂದು, ಎರಡು ಎಂದು ಎಣಿಸಿದೆ. ಮೂರು ಎನ್ನುವಷ್ಟರಲ್ಲಿ ಪರದೆ ಆರಿತು, ಸೀಟು ನೆಟ್ಟಗಾಯಿತು, ದೀಪ ಬಂತು. ಇಷ್ಟೇ ಸಾಕಾಗಿತ್ತು ಅವತ್ತು. ಚೀಲ ತೆಗೆಯುವಷ್ಟು ಪುರುಸೊತ್ತು ನನ್ನ ಹೊಟ್ಟೆ ಕೊಡಲಿಲ್ಲ.

ರಂಜನ್ ಓಡಿ ಬಂದ. "ಅಂಕಲ್! ನಲವತ್ತು ಸೆಕೆಂಡ್ ಬಾಕಿ ಇತ್ತು! ಸಿರ್ಫ್ ಚಾಲೀಸ್ ಸೆಕೆಂಡ್! ಯಾಕೆ ಎತ್ತಿದ್ರಿ?"

"ರಿಜಿಸ್ಟರ್ ತೆಗೆದುಕೊಂಡು ಬಾ" ಎಂದೆ. ಬಾಯಿ ಒರೆಸಿಕೊಳ್ಳಲು ಎಡಗೈಯಲ್ಲಿ ಕರವಸ್ತ್ರ ಹುಡುಕುತ್ತಿದ್ದೆ. "ಭಾನುವಾರದ್ದು ತಿದ್ದಬೇಕು. ನನ್ನ ಮಗಳು ಕೈ ಎತ್ತಿದ್ದಳು. ನಾನು ನೋಡಿಯೂ ನಿಲ್ಲಿಸಲಿಲ್ಲ. ಹಾಗೆ ಬರೆದು, ಒಂದು ಫೋಟೋ ತೆಗೆದು ಆ ಅನುಷ್ಕಾಳ ತಾಯಿಗೆ ಕಳಿಸು. ದಿಶಾ ಸುಳ್ಳಿ ಅಲ್ಲ ಎಂದು ಅವರಿಗೆ ಗೊತ್ತಾಗಬೇಕು."

ರಂಜನ್ ಎಂಜಿನಿಯರನ ಮುಖ ನೋಡಿದ, ನನ್ನ ಮುಖ ನೋಡಿದ. ರಿಜಿಸ್ಟರ್ ತರಲು ಹೋದ. ಮನೆಗೆ ಹೋಗಿ ಜಯಲತಾಳಿಗೆ ಏನು ಹೇಳುವುದು, ನಾಳೆ ಈ ಕಾಲು ಇಟ್ಟುಕೊಂಡು ಯಾರ ಬಾಗಿಲಿಗೆ ಹೋಗುವುದು, ಯಾವುದೂ ಹೊಳೆಯಲಿಲ್ಲ.

ಮಾಪಣ್ಣ ಬಕೆಟ್ಟು, ಬಟ್ಟೆ ಹಿಡಿದುಕೊಂಡು ಒಳಗೆ ಬಂದ. ಬಕೆಟ್ಟು ಕೆಳಗಿಟ್ಟು ನನ್ನ ಬೆಲ್ಟ್ ಬಿಚ್ಚಿದ. ಆಮೇಲೆ ನನ್ನ ಬಲಗೈಯ ಮಣಿಕಟ್ಟು ಹಿಡಿದ.

"ಇಳಸ್ರಿ ಕೈ" ಎಂದ. "ನಿಂತೈತ್ರಿ."

ಆಗಲೇ ನನಗೆ ಗೊತ್ತಾದದ್ದು, ಕೈ ಇನ್ನೂ ಮೇಲೆಯೇ ಇದೆ ಎಂದು.